ಧಾರವಾಡವೋ, ಗದಗ ಕಡೆಯ ನಮ್ಮ ಹಳ್ಳಿಯೋ: ಅಪ್ಪ-ಅವ್ವಗೆ ಯಾವುದು ಸರಿ?

ವಯಸ್ಸಾದ ಅಪ್ಪ-ಅವ್ವನನ್ನು ಧಾರವಾಡದಲ್ಲಿ ಇರಿಸಬೇಕೋ, ಗದಗ ಕಡೆಯ ನಿಮ್ಮ ಹಳ್ಳಿಯಲ್ಲೋ ಅಂತ ಕೇಳಿದ್ದೀರಿ. ನೀವು ಗಾಳಿ, ಬಾಡಿಗೆ, ಮನೆ ಹೋಲಿಸುತ್ತಿದ್ದೀರಿ, ಅದಕ್ಕೇ ತೀರ್ಮಾನ ಆಗುತ್ತಿಲ್ಲ ಅನ್ನಿಸುತ್ತದೆ. ಅಪ್ಪನಿಗೆ ಹೃದಯದ ತೊಂದರೆ ಅಂದಿದ್ದೀರಿ. ಹಾಗಾದರೆ ಮೊದಲ ಪ್ರಶ್ನೆ, ನಡುರಾತ್ರಿ ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು? ಗದಗದಿಂದ ದೊಡ್ಡ ಆಸ್ಪತ್ರೆಗಳಿರುವ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ., ಹಳ್ಳಿಯಿಂದ ಇನ್ನೂ ಜಾಸ್ತಿ ಆಗಬಹುದು. ಧಾರವಾಡದಲ್ಲಿ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಹತ್ತಿರ, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್ (ಈಗ ಕೆಎಂಸಿಆರ್‌ಐ) 20 ಕಿ.ಮೀ. ಆಸುಪಾಸು. ನಮ್ಮ ಅವ್ವನಿಗೂ ಇದೇ ಲೆಕ್ಕದ ಮೇಲೆ ಧಾರವಾಡ ಆರಿಸಿದೆವು.

ಈಗ ನೋಡುತ್ತಿರುವ ಡಾಕ್ಟರನ್ನು ಮೊದಲು ಕೇಳಿ, ಆಸ್ಪತ್ರೆ ಎಷ್ಟು ದೂರ ಇದ್ದರೆ ನಡೆಯುತ್ತದೆ ಅಂತ. ಆಮೇಲೆ ಧಾರವಾಡದಲ್ಲಿ ಬಾಡಿಗೆ ಮನೆ ಹಿಡಿಯಿರಿ, ನೆಲಮಹಡಿಯ ಮನೆಯೇ ಆಗಲಿ. ಸುಮ್ನೆ ಕೊಳ್ಳಲು ಹೋಗಬೇಡಿ. ನೀರು ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ ಬರುತ್ತದೆ ಅಂತ ಪಕ್ಕದ ಮನೆಯವರನ್ನೇ ಕೇಳಿ, ಬೇಸಿಗೆಯದ್ದು ಬೇರೆಯಾಗಿ ಕೇಳಿ. ಅಪರಾತ್ರಿ ಎದ್ದು ಟಾಕಿ ತುಂಬಿಸುವ ವಯಸ್ಸಲ್ಲ ಅವರದ್ದು, ಅಲ್ವಾ? ಬಚ್ಚಲಿಗೆ ಇಳಿಯುವ ಮೆಟ್ಟಿಲು ಇದೆಯಾ, ಗೋಡೆಗೆ ಹಿಡಿಕೆ ಹಾಕಿಸಲು ಬಿಡುತ್ತಾರಾ, ಅದನ್ನೂ ನೋಡಿ. ಹಾಲು, ಔಷಧಿ ಅಪ್ಪ ನಡೆದೇ ತರುವಂತಿರಬೇಕು.

ಊರ ಮನೆ ಮಾತ್ರ ಈಗಲೇ ಮಾರಬೇಡಿ. ಹೊಸ ಓಣಿಯಲ್ಲಿ ಮನಸ್ಸು ಹತ್ತುತ್ತೋ ಇಲ್ಲವೋ, ಇದ್ದು ನೋಡಿದರೇ ಗೊತ್ತಾಗೋದು. ಹತ್ತದಿದ್ದರೆ ಗದಗ ಪೇಟೆಯಲ್ಲೇ ಮನೆ ಹುಡುಕಿ. ಅಲ್ಲಿ ಜಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ನಿಮ್ಮ ಹಳ್ಳಿಯೂ ಹತ್ತಿರ.