ಡ್ರೈವರ್ ತಲೆ ಭಾರವಾದರೆ ಗಾಲ್ಫ್ ಚೆಂಡು ಜೋರಾಗಿ ಹೋಗುತ್ತಾ?

ಡ್ರೈವರ್, ಅಂದರೆ ಚೆಂಡನ್ನು ದೂರ ಹೊಡೆಯುವ ಗಾಲ್ಫ್ ಕೋಲು; ಅದರ ತಲೆಗೆ ಸೀಸದ ಟೇಪ್ ಅಂಟಿಸಿ ಹತ್ತು ಗ್ರಾಂ ಹೆಚ್ಚಿಸಿದರೆ ಚೆಂಡಿನ ವೇಗ ಹೆಚ್ಚುತ್ತಾ ಅಂತ ಕೇಳಿದ್ದೀರಿ. ಹೆಚ್ಚುತ್ತೆ, ಆದರೆ ತೀರಾ ಸ್ವಲ್ಪ.

ಕೇರಂ ನೆನಪಿಸಿಕೊಳ್ಳಿ. 15 ಗ್ರಾಂ ಸ್ಟ್ರೈಕರ್ 5 ಗ್ರಾಂ ಕಾಯಿನ್‌ಗೆ ನೇರವಾಗಿ ಬಡಿದರೆ ಕಾಯಿನ್ ಚಿಮ್ಮಿ ಮುಂದೋಡುತ್ತೆ, ಸ್ಟ್ರೈಕರ್ ಅದರ ಹಿಂದೆಯೇ ನಿಧಾನಕ್ಕೆ ಜಾರುತ್ತೆ. ಸ್ಟ್ರೈಕರ್ ಬದಲು ಇನ್ನೊಂದು ಕಾಯಿನ್‌ನಲ್ಲೇ ಹೊಡೆದು ನೋಡಿ, ಆ ರಭಸ ಬರಲ್ಲ. ಭಾರದ ಲಾಭ ನಿಜವೇ. ಆದರೆ ಡ್ರೈವರ್ ತಲೆ ಈಗಾಗಲೇ ಸುಮಾರು 200 ಗ್ರಾಂ ಇದೆ, ಚೆಂಡು ನಿಯಮದ ಪ್ರಕಾರ 45.93 ಗ್ರಾಂ ಮೀರುವಂತಿಲ್ಲ. ನಾಲ್ಕು ಪಟ್ಟಿಗೂ ಮಿಕ್ಕಿ ಭಾರ ಇರುವುದಕ್ಕೆ ಇನ್ನೂ ಸೇರಿಸಿ ಪಡೆಯುವುದು ಕಡಿಮೆ.

ಲೆಕ್ಕ ಹೀಗೆ: ಚೆಂಡಿನ ವೇಗ = ತಲೆಯ ವೇಗ × (1 + ಪುಟಿತ) ÷ (1 + ಚೆಂಡಿನ ತೂಕ ÷ ತಲೆಯ ತೂಕ). ಪುಟಿತ ಅಂದರೆ ಬಡಿದ ಮೇಲೆ ಚೆಂಡು ಎಷ್ಟು ಪುಟಿಯುತ್ತೆ ಅನ್ನುವ ಅಂಕಿ; ಅದಕ್ಕೆ ನಿಯಮದ ಮಿತಿ ಸುಮಾರು 0.83. ತಲೆ ಗಂಟೆಗೆ 160 ಕಿ.ಮೀ. ವೇಗದಲ್ಲಿ ಬಂದರೆ 200 ಗ್ರಾಂಗೆ ಚೆಂಡಿನ ವೇಗ 238, 210 ಗ್ರಾಂಗೆ 240. ಎರಡೇ ಕಿಲೋಮೀಟರ್! ಅದೇ ಭಾರದಿಂದ ನಿಮ್ಮ ಬೀಸು ಒಂದೂವರೆ ಕಿ.ಮೀ. ನಿಧಾನವಾದರೂ ಆ ಲಾಭ ಪೂರ್ತಿ ಹೋಯ್ತು.

ಶಾಫ್ಟ್ (ಕೋಲಿನ ಉದ್ದ ದಂಡ), ಕೈ, ಭುಜದ ತೂಕ ಇಲ್ಲಿ ಲೆಕ್ಕಕ್ಕೆ ಬರಲ್ಲ. ತಲೆ ಚೆಂಡಿಗೆ ತಾಗಿರುವುದು ಸುಮಾರು ಅರ್ಧ ಮಿಲಿಸೆಕೆಂಡ್. ಅಷ್ಟರೊಳಗೆ ಕೈಯ ಬಲ ಶಾಫ್ಟ್ ಮೂಲಕ ಬಂದು ನೆರವಾಗುವಷ್ಟು ಸಮಯವೇ ಇಲ್ಲ. ಇದು ನನಗೆ ಇವತ್ತಿಗೂ ಬೆರಗು. ಇನ್ನು, ಬೆಂಗಳೂರು 900 ಮೀಟರ್‌ಗಿಂತ ಎತ್ತರದಲ್ಲಿದೆ, ಗಾಳಿ ತೆಳು, ಹಾಗಾಗಿ ಇಲ್ಲಿ ಚೆಂಡು ಚೆನ್ನೈಗಿಂತ ದೂರ ಹೋಗುತ್ತೆ. ಅದನ್ನು ನೋಡಿ ಟೇಪ್ ಕೆಲಸ ಮಾಡಿತು ಅಂದ್ಕೋಬೇಡಿ.

ನಾನೂ ಹತ್ತು ಗ್ರಾಂ ಅಂಟಿಸಿ ನೋಡಿದ್ದೇನೆ. ಡ್ರೈವರ್ ಮುಖಕ್ಕೆ ಟಾಲ್ಕಂ ಪೌಡರ್ ಸವರಿ ಹೊಡೆದೆ. ಟೇಪ್ ಇಲ್ಲದಾಗ ಚೆಂಡಿನ ಗುರುತುಗಳು ನಡುವೆ ಒತ್ತೊತ್ತಾಗಿ ಬಿದ್ದಿದ್ದವು; ಅಂಟಿಸಿದ ಮೇಲೆ ಶಾಫ್ಟ್ ಕಡೆಗೆ ಚದುರಿದವು. ಮಧ್ಯ ತಪ್ಪಿದರೆ ತಲೆ ತಿರುಚಿಕೊಳ್ಳುತ್ತೆ, ಚೆಂಡಿಗೆ ಸಿಗಬೇಕಾದ ವೇಗ ಅಲ್ಲೇ ಸೋರಿಹೋಗುತ್ತೆ. ಅವತ್ತೇ ಟೇಪ್ ಕಿತ್ತೆ. ನೀವು ಅಂಟಿಸುವ ಮುಂಚೆ ಒಮ್ಮೆ ಪೌಡರ್ ಹಚ್ಚಿ, ಇಪ್ಪತ್ತು ಚೆಂಡು ಹೊಡೆದು ಗುರುತು ನೋಡಿ.