ಆ ಪಿಂಕ್ ಪೇಪರ್ ಎಲ್ಲಿದೆ? ಮೊದಲು ಅದನ್ನು ಹುಡುಕಿ

ತಮ್ಮನನ್ನು ಶನಿವಾರ ರಾತ್ರಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕುಡಿದು ಕಾರು ಓಡಿಸಿದ್ದಕ್ಕೆ ಹಿಡಿದರು, ಊದುವ ಮೆಷಿನ್‌ನಲ್ಲಿ ರಕ್ತದ ಆಲ್ಕೋಹಾಲ್ ಶೇ. 0.11 ಬಂತು, ಬೆಳಿಗ್ಗೆ ಬಿಟ್ಟರು ಅಂತ ಬರೆದಿದ್ದೀರಿ. ಕೋರ್ಟ್ ಡೇಟ್ ಮುಂದಿನ ತಿಂಗಳು, ಅಲ್ಲಿಯವರೆಗೆ ಸುಮ್ನೆ ಇರಬಹುದಾ, ಎಚ್-1ಬಿ (ಕೆಲಸದ ವೀಸಾ) ಹೋಗುತ್ತದಾ ಅಂತ ಕೇಳಿದ್ದೀರಿ.

ಸುಮ್ನೆ ಇರಬೇಡಿ. 2017ರಲ್ಲಿ ನಾನು ಹಾಗೆ ಸುಮ್ನೆ ಇದ್ದು ಕೆಟ್ಟೆ. ನಾನು ಲಾಯರ್ ಅಲ್ಲ, ಆದರೆ ಇದೇ ಕೌಂಟಿಯಲ್ಲಿ ಇದೇ ಕೇಸ್ ಅನುಭವಿಸಿದವನು.

ಬಿಡುವಾಗ ನನ್ನ ಪರ್ಸು, ಬೆಲ್ಟು, ಫೋನು ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ಲೈಸೆನ್ಸ್ ಇರಲಿಲ್ಲ, ಅದರ ಬದಲು ನಾಲ್ಕು ಮಡಿಕೆ ಮಾಡಿದ ಒಂದು ಗುಲಾಬಿ ಬಣ್ಣದ ಹಾಳೆ. ಏನೋ ರಸೀದಿ ಅಂದುಕೊಂಡು ಡ್ರಾಯರ್‌ಗೆ ಹಾಕಿದೆ. ಅದೇ 30 ದಿನದ ತಾತ್ಕಾಲಿಕ ಲೈಸೆನ್ಸು, ಅದೇ ಸಸ್ಪೆನ್ಷನ್ ಆರ್ಡರು. ಹತ್ತು ದಿನದೊಳಗೆ ಡಿಎಂವಿಗೆ (ನಮ್ಮ ಆರ್‌ಟಿಓ ಥರದ ಇಲಾಖೆ) ವಿಚಾರಣೆ ಬೇಕು ಅಂತ ಕೇಳಿಕೊಳ್ಳದಿದ್ದರೆ 30 ದಿನ ಆದ ಮೇಲೆ ಲೈಸೆನ್ಸ್ ತಾನಾಗಿ ನಿಂತುಹೋಗುತ್ತದೆ, ಮೊದಲ ಸಲವಾದರೆ ನಾಲ್ಕು ತಿಂಗಳು, ಮತ್ತು ಇದಕ್ಕೂ ಕೋರ್ಟ್ ಕೇಸಿಗೂ ಸಂಬಂಧವೇ ಇಲ್ಲ. ನನಗೆ ಗೊತ್ತಾಗಿದ್ದು ಇಪ್ಪತ್ತನೇ ದಿನ. ಕೇಳಿಕೊಂಡವರಿಗೆ ವಿಚಾರಣೆ ಮುಗಿಯುವವರೆಗೆ ಸಸ್ಪೆನ್ಷನ್ ತಡೆ ಸಿಗುತ್ತದೆ. ಕುಡಿದಿದ್ದರೆ ಕಾರು ಸ್ಟಾರ್ಟ್ ಆಗದಂತೆ ತಡೆಯುವ ಊದುವ ಯಂತ್ರ ಹಾಕಿಸಿಕೊಂಡು ಓಡಿಸುವ ದಾರಿಯೂ ಇದೆ, ಲಾಯರ್ ಹತ್ತಿರ ಅದನ್ನೂ ಕೇಳಿ.

ಇನ್ನು ಕೋರ್ಟು. ಬೆಂಗಳೂರಿನಲ್ಲಿ ಹತ್ತು ಸಾವಿರ ಫೈನ್ ಕಟ್ಟಿ ಮರೆತುಬಿಟ್ಟವರನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಅಲ್ಲೂ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185ರಲ್ಲಿ ಆರು ತಿಂಗಳ ಜೈಲಿದೆ, ಆದರೆ ಜನ ಅದನ್ನು ಕ್ರಿಮಿನಲ್ ಕೇಸ್ ಅಂತ ನೋಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಇದು ಮಿಸ್‌ಡಿಮೀನರ್, ಸಿಗ್ನಲ್ ಜಂಪ್ ಥರದ ಇನ್‌ಫ್ರಾಕ್ಷನ್‌ಗಿಂತ ದೊಡ್ಡದು, ಫೆಲನಿಗಿಂತ (ಗಂಭೀರ ಅಪರಾಧ) ಚಿಕ್ಕದು. ಆರು ತಿಂಗಳವರೆಗೆ ಜೈಲು ಹಾಕಬಹುದು. ಫೈನ್ 390ರಿಂದ 1000 ಡಾಲರ್ ಅಂತ ಪುಸ್ತಕದಲ್ಲಿದೆ, ಮೇಲಿನ ಸುಂಕಗಳೆಲ್ಲ ಸೇರಿ ಅದು ಹಲವು ಪಟ್ಟಾಗುತ್ತದೆ. ಜೊತೆಗೆ ಮೂರರಿಂದ ಐದು ವರ್ಷ ಪ್ರೊಬೇಷನ್ (ಷರತ್ತಿನ ಮೇಲೆ ಕೋರ್ಟಿನ ನಿಗಾ), ಡಿಯುಐ (ಕುಡಿದು ಓಡಿಸಿದ ಕೇಸ್) ತರಗತಿ. ಯಾರಿಗಾದರೂ ಗಾಯವಾಗಿದ್ದರೆ ಫೆಲನಿಯೂ ಆಗಬಹುದು. ಕಾರಿನಲ್ಲಿ 14 ವರ್ಷದೊಳಗಿನ ಮಗುವಿದ್ದರೆ ಶಿಕ್ಷೆ ಜಾಸ್ತಿ.

ತಮ್ಮನ ಮೇಲೆ ಎರಡು ಆರೋಪ ಹಾಕಿದ್ದರೆ ಗಾಬರಿಯಾಗಬೇಡಿ. ಕ್ಯಾಲಿಫೋರ್ನಿಯಾದ ವಾಹನ ಕಾನೂನಿನ ಸೆಕ್ಷನ್ 23152ರ ‘ಎ’ ಅಂದರೆ ಅಮಲಿನಲ್ಲಿ ಓಡಿಸಿದ್ದು, ‘ಬಿ’ ಅಂದರೆ 0.08 ಅಥವಾ ಅದಕ್ಕಿಂತ ಜಾಸ್ತಿ ಇದ್ದದ್ದು. ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೆ ಹಾಕುತ್ತಾರೆ, ಶಿಕ್ಷೆ ಎರಡೆರಡು ಸಲ ಆಗುವುದಿಲ್ಲ. ಆ 0.11 ರಸ್ತೆಬದಿಯ ಮೆಷಿನ್‌ನದ್ದಾ, ಠಾಣೆಯಲ್ಲಿ ಊದಿಸಿದ್ದಾ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಲಾಯರ್ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೊಂದು. ಅಳತೆ 0.08ರ ಹತ್ತಿರವಿದ್ದರೆ ಕೆಲವೊಮ್ಮೆ ‘ವೆಟ್ ರೆಕ್‌ಲೆಸ್’ (ಕುಡಿತ ಸೇರಿದ ಅಜಾಗರೂಕ ಚಾಲನೆ) ಅನ್ನುವ ಚಿಕ್ಕ ಆರೋಪಕ್ಕೆ ಇಳಿಸುತ್ತಾರೆ, 0.11ಕ್ಕೆ ಅದನ್ನು ನಂಬಿ ಕೂರಬೇಡಿ. ಮತ್ತೆ, ನ್ಯೂಜೆರ್ಸಿಯ ಗೆಳೆಯರು ‘ಅದು ಕ್ರೈಮೇ ಅಲ್ಲ ಕಣೋ’ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಅವರ ರಾಜ್ಯದಲ್ಲಿ ಅದು ಟ್ರಾಫಿಕ್ ತಪ್ಪು, ಅದು ನಿಜ. ಯೂಟಾದಲ್ಲಿ ಮಿತಿಯೇ 0.05. ರಾಜ್ಯಕ್ಕೊಂದು ಕಾನೂನು.

ತಪ್ಪೊಪ್ಪಿಕೊಳ್ಳುವ ದಿನ ನನಗೆ ಒಂದು ಫಾರಂ ಕೊಟ್ಟರು. ಸಾಲು ಸಾಲಿಗೂ ಪಕ್ಕದಲ್ಲಿ ಇನಿಷಿಯಲ್ ಹಾಕಬೇಕು. ಅದರಲ್ಲಿ ಒಂದು ಸಾಲು, ಮುಂದೆ ನೀನು ಕುಡಿದು ಓಡಿಸಿ ಯಾರಾದರೂ ಸತ್ತರೆ ನಿನ್ನ ಮೇಲೆ ಕೊಲೆ ಕೇಸ್ ಹಾಕಬಹುದು ಅನ್ನುವ ಅರ್ಥದ್ದು. ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ 1981ರ ವಾಟ್ಸನ್ ತೀರ್ಪಿನಿಂದ ಬಂದದ್ದಂತೆ. ಅಲ್ಲಿ ನನ್ನ ಕೈ ನಿಂತಿತು. ಆ ರಾತ್ರಿ ನಾನು ದಾಟಿ ಬಂದ ಕ್ರಾಸ್‌ವಾಕ್‌ಗಳೆಲ್ಲ ನೆನಪಾದವು. ಅವತ್ತಿನಿಂದ ಇವತ್ತಿನವರೆಗೆ ಒಂದು ಬಿಯರ್ ಕುಡಿದರೂ ಸ್ಟಿಯರಿಂಗ್ ಮುಟ್ಟಿಲ್ಲ.

ವೀಸಾ ವಿಷಯ. ಮಾಮೂಲಿ ಮೊದಲ ಡಿಯುಐಗೆ ಅಷ್ಟರಿಂದಲೇ ದೇಶದಿಂದ ಕಳಿಸುವುದು ಸಾಮಾನ್ಯವಲ್ಲ. ಆದರೆ 2015ರಿಂದ ಬರೀ ಅರೆಸ್ಟ್ ಆದರೂ ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಸ್ಟಾಂಪನ್ನು ರದ್ದು ಮಾಡಬಹುದು. ನನಗೆ ಆ ಇಮೇಲ್ ಬಂತು. ಸ್ಟಾಂಪ್ ಹೋದ ಮಾತ್ರಕ್ಕೆ ಅಮೆರಿಕದೊಳಗೆ ಇರುವ ಅನುಮತಿ (ಸ್ಟೇಟಸ್) ಹೋಗುವುದಿಲ್ಲ, ಕೆಲಸ ಮಾಡುತ್ತಿದ್ದೆ. ಊರಿಗೆ ಹೋದಾಗ ಮಾತ್ರ ಹೊಸ ಸ್ಟಾಂಪಿಂಗ್ ಬೇಕಾಯಿತು, ಚೆನ್ನೈನಲ್ಲಿ ಕಾನ್ಸುಲೇಟ್ ಹೇಳಿದ ಡಾಕ್ಟರ ಹತ್ತಿರ ತಪಾಸಣೆ, ಆಮೇಲೆ ವಾರಗಟ್ಟಲೆ ಕಾಯುವುದು. ಫಾರಂನಲ್ಲಿ ಅರೆಸ್ಟ್ ಮುಚ್ಚಿಡಬೇಡಿ. ಸುಳ್ಳು ಹೇಳಿದರೆ ಡಿಯುಐಗಿಂತ ದೊಡ್ಡ ತೊಂದರೆ. ಕಾರಿನಲ್ಲಿ ಗಾಂಜಾ ಏನಾದರೂ ಸಿಕ್ಕಿತ್ತಾ? ರಾಜ್ಯದಲ್ಲಿ ಅದು ಓಕೆ, ಫೆಡರಲ್ ಕಾನೂನಿನಲ್ಲಿ ಅಲ್ಲ, ವಲಸಿಗರಿಗೆ ಅದು ತುಂಬಾ ಕೆಟ್ಟದ್ದು. ಕ್ರಿಮಿನಲ್ ಲಾಯರ್ ವೀಸಾದ ಪರಿಣಾಮವನ್ನೂ ಹೇಳಲೇಬೇಕು, 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೇಳಿದೆ. ಹೇಳದೆ ಸಹಿ ಹಾಕಿಸಿದರೆ ಹಾಕಬೇಡಿ.

ಇವತ್ತು ಗುರುವಾರ, ಹತ್ತು ದಿನದಲ್ಲಿ ಆಗಲೇ ಅರ್ಧ ಕಳೆದಿದೆ. ನಾಳೆ ಬೆಳಿಗ್ಗೆಯೇ ಡಿಎಂವಿಯ ಡ್ರೈವರ್ ಸೇಫ್ಟಿ ಆಫೀಸಿಗೆ ಫೋನ್ ಮಾಡಿಸಿ. ಯಾರ ಹತ್ತಿರ ಮಾತಾಡಿದರು, ಎಷ್ಟು ಗಂಟೆಗೆ ಅಂತ ಆ ಪಿಂಕ್ ಪೇಪರ್ ಹಿಂದೆಯೇ ಬರೆದಿಡಿ.