ಅಮೆರಿಕದ ಹೋಟೆಲುಗಳು ಹತ್ತಿರದ ಬೈಸನ್ ಫಾರ್ಮ್ ಜೊತೆ ನೇರ ಒಪ್ಪಂದ ಮಾಡಿಕೊಳ್ಳುವುದೇಕೆ?

ಬೈಸನ್ ಮಾಂಸ ಬೇಕೆಂದಾಗ ಬೇಕಾದಷ್ಟು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ, ಅದಕ್ಕೆ. (ಇದು ಉತ್ತರ ಅಮೆರಿಕದ ಹುಲ್ಲುಗಾವಲಿನ ಪ್ರಾಣಿ, ನಮ್ಮ ಕಾಟಿಯಲ್ಲ.) ಅಮೆರಿಕದಲ್ಲಿ ವರ್ಷವಿಡೀ ಮಾಂಸಕ್ಕೆ ಹೋಗುವ ಬೈಸನ್‌ಗಳ ಸಂಖ್ಯೆ, ಒಂದೇ ದಿನ ಕಡಿಯುವ ದನಗಳಿಗಿಂತ ಕಡಿಮೆ. ಹೆಣ್ಣು ಬೈಸನ್ ಮೊದಲ ಕರು ಹಾಕುವುದೇ ಸುಮಾರು 3 ವರ್ಷಕ್ಕೆ. ಬೇಡಿಕೆ ಏರಿತೆಂದು ಹಿಂಡನ್ನು ದಿಢೀರನೆ ಬೆಳೆಸಲಾಗದು.

ಆದರೆ ಒಪ್ಪಂದದ ಜೀವಾಳ ರೈತನ ಕಡೆಯಲ್ಲಿದೆ ಎಂದೇ ನನಗನಿಸುತ್ತದೆ. ಸ್ಟೇಕ್‌ಗೆ (ದಪ್ಪ ತುಂಡಾಗಿ ಸುಟ್ಟು ಬಡಿಸುವ ಮಾಂಸ) ಒದಗುವ ಮೆತ್ತನೆಯ ಭಾಗ ಪ್ರಾಣಿಯಲ್ಲಿ ತೀರಾ ಸ್ವಲ್ಪ. ಗಿರಾಕಿ ಅದನ್ನಷ್ಟೇ ಒಯ್ದರೆ ಉಳಿದದ್ದು ರೈತನ ತಲೆಮೇಲೆ. ಹೋಟೆಲು ಇಡೀ ಪ್ರಾಣಿಯನ್ನೇ ಕೊಂಡು, ಗಟ್ಟಿ ಮಾಂಸವನ್ನು ಬರ್ಗರ್‌ಗೂ ಸ್ಟ್ಯೂಗೂ ಬಳಸಿದರೆ ಇಬ್ಬರಿಗೂ ಲೆಕ್ಕ ಕೂಡುತ್ತದೆ. ತನ್ನದೇ ದೊಡ್ಡ ಬೈಸನ್ ಹಿಂಡುಗಳಿದ್ದ, ಸಿಎನ್‌ಎನ್ ಸುದ್ದಿವಾಹಿನಿಯ ಸ್ಥಾಪಕ ಟೆಡ್ ಟರ್ನರ್ 2002ರಲ್ಲಿ ಪಾಲುದಾರರೊಬ್ಬರ ಜೊತೆ 'ಟೆಡ್ಸ್ ಮೊಂಟಾನಾ ಗ್ರಿಲ್' ಹೋಟೆಲು ತೆರೆದಾಗ ಬೈಸನ್ ಬರ್ಗರ್‌ಗೆ ಮೆನುವಿನಲ್ಲಿ ಖಾಯಂ ಜಾಗ ಸಿಕ್ಕಿತು.